ಕೋರ್ಸ್ ಎಷ್ಟು ಕಷ್ಟ ಇರಬೇಕು ಅಂತ ಕೇಳಿದ ಪುಟ್ಟಿಗೆ

ಪ್ರೀತಿಯ ಪುಟ್ಟಿಗೆ ನಿನ್ನ ಮಾವನ ಆಶೀರ್ವಾದಗಳು.

ನೀನು ಕಳಿಸಿದ ಮೌಂಟನ್ ಬೈಕ್ (ಗುಡ್ಡಗಾಡು ಸೈಕಲ್) ರೇಸಿನ ಕೋರ್ಸ್ ನಕ್ಷೆ ನೋಡಿದೆ. ನಾಲ್ಕೂವರೆ ಕಿಲೋಮೀಟರಿನ ಲ್ಯಾಪ್, ಎರಡು ದೊಡ್ಡ ಏರು, ನಡುವೆ ಮರಗಳ ಸಂದಿಯಲ್ಲಿ ಒಂದೇ ಸೈಕಲ್ ಹೋಗುವಷ್ಟು ಕಿರಿದಾದ ಸಿಂಗಲ್ ಟ್ರ್ಯಾಕ್. ಜಾಗ ಚೆನ್ನಾಗಿ ಬಳಸಿಕೊಂಡಿದ್ದೀಯ. ರೇಸಿಗೆ ಕೋರ್ಸ್ ಹಾಕುವ ಕೆಲಸ ನಿನ್ನ ಕೈಗೆ ಬಂತು ಅಂತ ನನಗೆ ತುಂಬಾ ಹೆಮ್ಮೆ. ಆದರೆ ಕಾಗದದ ಕೊನೆಗೆ ಒಂದು ಮಾತು ಬರೆದಿದ್ದೀಯಲ್ಲ, "ಓಡಿಸೋಕೆ ಆಗದವರು ಇಳಿದು ನಡೆಯಲಿ" ಅಂತ, ಅದು ನನಗೆ ಒಪ್ಪಿಗೆ ಇಲ್ಲ.

ಸುಲಭದ ಕೋರ್ಸ್ ಹಾಕು ಅಂತ ಹೇಳೋಕೆ ಈ ಕಾಗದ ಬರೆಯುತ್ತಿಲ್ಲ. ಕ್ರಾಸ್ ಕಂಟ್ರಿ, ಅಂದರೆ ಹೀಗೆ ಏರಿ ಇಳಿದು ಸುತ್ತು ಹಾಕುವ ರೇಸು, ಬರೀ ಉಸಿರಿನ ಪರೀಕ್ಷೆ ಆಗಬಾರದು ಅನ್ನುವವನೇ ನಾನೂ. 1996ರಲ್ಲಿ ಅಟ್ಲಾಂಟಾ ಒಲಿಂಪಿಕ್ಸಿಗೆ ಮೌಂಟನ್ ಬೈಕ್ ಮೊದಲ ಸಲ ಬಂದಾಗ, ಗೆದ್ದ ಬಾರ್ಟ್ ಬ್ರೆಂಟ್ಯೆನ್ಸ್‌ಗೆ ಎರಡೂಕಾಲು ಗಂಟೆಗೂ ಜಾಸ್ತಿ ಹಿಡಿದಿತ್ತು. ಈಗ ದೊಡ್ಡ ರೇಸುಗಳು ಹೆಚ್ಚುಕಡಿಮೆ ಒಂದೂವರೆ ಗಂಟೆಯಲ್ಲಿ ಮುಗಿಯುತ್ತವೆ. ಲ್ಯಾಪ್ ಗಿಡ್ಡ ಆಯಿತು, ಬಂಡೆ, ಬೇರು, ದಾರಿ ಮೆಟ್ಟಿಲಿನ ಹಾಗೆ ದಿಢೀರನೆ ಕೆಳಗಿಳಿಯುವ ಡ್ರಾಪ್ ಜಾಸ್ತಿ ಆದವು. ಅದಕ್ಕೆ ತಕ್ಕ ಹಾಗೆ ಸೈಕಲ್ಲೂ ಬದಲಾಯಿತು. 2012ರ ಲಂಡನ್ ಒಲಿಂಪಿಕ್ಸಿನಲ್ಲಿ ಯಾರೊಸ್ಲಾವ್ ಕುಲ್ಹಾವಿ ಮುಂದೆ ಹಿಂದೆ ಎರಡೂ ಕಡೆ ಸಸ್ಪೆನ್ಷನ್ ಇದ್ದ, 29 ಇಂಚಿನ ಚಕ್ರದ ಸೈಕಲ್ಲಿನಲ್ಲಿ ನೀನೊ ಶೂರ್ಟರ್‌ನನ್ನು ಒಂದೇ ಸೆಕೆಂಡಿನಿಂದ ಸೋಲಿಸಿದ. ಇವತ್ತು ಅಂಥ ಸೈಕಲ್, ಅದರ ಜೊತೆಗೆ ಓಡಿಸುತ್ತಲೇ ಸೀಟು ಕೆಳಗಿಳಿಸುವ ಡ್ರಾಪರ್ ಪೋಸ್ಟ್, ಇವೆಲ್ಲ ಮಾಮೂಲು. ಇಷ್ಟೆಲ್ಲ ಇಟ್ಟುಕೊಂಡು ಬರುವವರಿಗೆ ಜಲ್ಲಿ ಹಾಕಿದ ಅಗಲ ದಾರಿ ಕೊಟ್ಟರೆ ಅವರಿಗೂ ಬೇಜಾರು, ನೋಡುವವರಿಗೂ ಬೇಜಾರು. 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸಿಗೆ ಎಲಾಂಕೂರ್ ಗುಡ್ಡದ ಮೇಲೆ ಮಾಡಿದ ಕೋರ್ಸಿನ ಬಗ್ಗೆ ಸವಾರರೇ ಹಾಗೆ ಗೊಣಗಿದರು, ತೀರಾ ನುಣುಪಾಗಿದೆ ಅಂತ.

ಆದರೂ ಆ ಗುಡ್ಡದಲ್ಲೇ ನೋಡಿದ ಒಂದು ಸಂಗತಿ ನಿನಗೆ ಹೇಳಬೇಕು. ಟಾಮ್ ಪಿಡ್‌ಕಾಕ್ ಪಂಕ್ಚರ್ ಆಗಿ ಹಿಂದೆ ಬಿದ್ದು, ಮತ್ತೆ ಮುಂದಿನವರನ್ನು ಹಿಡಿದಿದ್ದ. ಕೊನೆಯ ಲ್ಯಾಪಿನಲ್ಲಿ ಒಂದು ಮರ. ಅದರ ಎರಡೂ ಬದಿಗೆ ದಾರಿ. ವಿಕ್ಟರ್ ಕೊರೆಟ್ಸ್ಕಿ ಒಂದು ಕಡೆಯಿಂದ ಹೋದ, ಪಿಡ್‌ಕಾಕ್ ಇನ್ನೊಂದು ಕಡೆಯಿಂದ ನುಗ್ಗಿ ಮುಂದೆ ಬಂದ. ಚಿನ್ನ ಅಲ್ಲೇ ತೀರ್ಮಾನ ಆಯಿತು. ಅಲ್ಲಿ ಹೆದರಿಸುವ ಬಂಡೆ ಇರಲಿಲ್ಲ, ಪ್ರಪಾತ ಇರಲಿಲ್ಲ. ಎರಡು ಲೈನ್, ಅಂದರೆ ಸವಾರ ಆರಿಸಿಕೊಳ್ಳುವ ಎರಡು ಹಾದಿ, ಇದ್ದವು, ಆರಿಸುವ ಧೈರ್ಯ ಬೇಕಿತ್ತು ಅಷ್ಟೆ. ಕಷ್ಟ ಅಂದರೆ ಎತ್ತರ, ಎತ್ತರ ಅಂದರೆ ಕಷ್ಟ ಅಂದುಕೊಂಡಿದ್ದೀಯ ಅಂತ ನಿನ್ನ ನಕ್ಷೆ ನೋಡಿದರೆ ಅನಿಸುತ್ತದೆ. ಲೈನ್ ಆರಿಸುವಂತೆ ಮಾಡುವ ಜಾಗಗಳು ಅದರಲ್ಲಿ ಕಡಿಮೆ.

ಈಗ ನಡೆಯುವವರ ವಿಷಯಕ್ಕೆ ಬರುತ್ತೇನೆ. ಬಂಡೆಗಳನ್ನು ಹರಡಿದ ನಿನ್ನ ರಾಕ್ ಗಾರ್ಡನ್ ಇರುವುದು ಎರಡನೇ ಏರಿನ ತುದಿಯಲ್ಲಿ, ಸಿಂಗಲ್ ಟ್ರ್ಯಾಕ್ ಶುರುವಾಗುವ ಬಾಯಿಯಲ್ಲೇ. ಒಬ್ಬಳು ಅಲ್ಲಿ ಕಾಲು ಊರಿದಳು ಅಂದುಕೋ. ಸೈಕಲ್ ಪಕ್ಕಕ್ಕೆ ತಳ್ಳಲು ಜಾಗ ಇಲ್ಲ. ಹಿಂದಿನವಳು ಬ್ರೇಕ್ ಹಿಡಿಯುತ್ತಾಳೆ, ಅವಳ ಹಿಂದಿನವಳೂ ಇಳಿಯುತ್ತಾಳೆ. ಆ ಬಂಡೆಗಳನ್ನು ಲೀಲಾಜಾಲವಾಗಿ ದಾಟಬಲ್ಲವಳು ಹತ್ತು ಜನರ ಹಿಂದೆ ಸೈಕಲ್ ಹೊತ್ತು ನಿಂತಿರುತ್ತಾಳೆ. ಯಾರ ಕೌಶಲ ತೋರಿಸಬೇಕು ಅಂತ ನೀನು ಆ ಬಂಡೆ ಇಟ್ಟೆಯೋ, ಅವಳಿಗೇ ಮೋಸ ಆಯಿತು, ಅಲ್ವಾ? ಮೊದಲ ಲ್ಯಾಪಿನಲ್ಲಿ ಎಲ್ಲರೂ ಒಟ್ಟಿಗೇ ಬರುವಾಗ ಇದು ಆಗಿಯೇ ಆಗುತ್ತದೆ.

ಅದಕ್ಕೇ ಬಿ ಲೈನ್, ಅಂದರೆ ಬಂಡೆ ತಪ್ಪಿಸಿ ಹೋಗುವ ಸುಲಭದ ದಾರಿ, ಬೇಕು. ಬಂಡೆಗಳ ಮೇಲೆ ಹೋಗುವ ಎ ಲೈನಿನಿಂದ ಪೂರ್ತಿ ಬೇರೆಯಾಗಿ, ಆಮೇಲೆ ಅಗಲವಾದ ಜಾಗದಲ್ಲಿ ಬಂದು ಸೇರುವ ಹಾಗೆ. ಅದನ್ನು ಎಷ್ಟು ಉದ್ದ ಮಾಡಬೇಕು ಅನ್ನುವುದರಲ್ಲೇ ನಿನ್ನ ಜಾಣತನ ಇರುವುದು. ಎರಡೂ ಲೈನಿಗೆ ಒಂದೇ ಸಮಯ ಹಿಡಿದರೆ ಯಾರೂ ಬಂಡೆ ಕಡೆ ತಿರುಗಿಯೂ ನೋಡುವುದಿಲ್ಲ. ಬಿ ಲೈನಿನಲ್ಲಿ ಅರ್ಧ ನಿಮಿಷ ಹೋಗುತ್ತದೆ ಅಂದರೆ, ಎ ಲೈನ್ ತನ್ನ ಕೈಲಾಗದ್ದು ಅಂತ ಗೊತ್ತಿರುವವರೂ ಅದರಲ್ಲೇ ನುಗ್ಗುತ್ತಾರೆ. ಆಗ ಬಿ ಲೈನ್ ಇದ್ದೂ ಇಲ್ಲದ ಹಾಗೆ. ನನ್ನ ಲೆಕ್ಕದಲ್ಲಿ ಐದಾರು ಸೆಕೆಂಡಿನ ವ್ಯತ್ಯಾಸ ಸರಿ. ಒಂದು ಲ್ಯಾಪಿಗೆ ಅದು ಸಣ್ಣದು, ಆರು ಲ್ಯಾಪಿಗೆ ಪದಕ ಹೋಗುವಷ್ಟು. ಹೆದರಿಕೆ ಆದವರು ಮರ್ಯಾದೆಯಿಂದ ಪಕ್ಕದಲ್ಲಿ ಹೋಗಬಹುದು, ಧೈರ್ಯ ಇರುವವರಿಗೆ ಲಾಭವೂ ಸಿಗುತ್ತದೆ. ಇದನ್ನು ಕಾಗದದ ಮೇಲೆ ಲೆಕ್ಕ ಹಾಕಬೇಡ. ಮೊದಲು ಏರು ಹತ್ತಿಸಿ, ಎದೆ ಡವಡವ ಅನ್ನುತ್ತಿರುವಾಗಲೇ ಎರಡೂ ಲೈನಿನಲ್ಲಿ ಓಡಿಸಿ, ಸ್ಟಾಪ್‌ವಾಚ್ ಹಿಡಿದು ನೋಡು.

ಈ ಆಯಾಸದ ಮಾತು ನೀನು ಎಲ್ಲೂ ಬರೆದಿಲ್ಲ. ಪ್ರಾಕ್ಟೀಸ್ ದಿನ ನಿಂತು, ನೋಡಿ, ತಾಜಾ ಕಾಲಿನಲ್ಲಿ ಇಳಿಯುವ ಜಾಗವೇ ಬೇರೆ. ರೇಸಿನ ಐದನೇ ಲ್ಯಾಪಿನಲ್ಲಿ ಕಣ್ಣಿಗೆ ಬೆವರು ಇಳಿಯುತ್ತಿರುವಾಗ, ಬ್ರೇಕಿನ ಬೆರಳು ಸೋತಿರುವಾಗ, ಅದೇ ಜಾಗ ಬೇರೆಯೇ ಆಗಿರುತ್ತದೆ. ಬರೀ ಇಳಿಜಾರಿನಲ್ಲಿ ಓಡಿಸುವ ಡೌನ್‌ಹಿಲ್ ಸವಾರರಿಗೆ ಮುಖ ಮುಚ್ಚುವ ಹೆಲ್ಮೆಟ್ ಇರುತ್ತದೆ, ಮೊಣಕಾಲಿಗೆ ಕವಚ ಇರುತ್ತದೆ, ಓಟ ಕೆಲವೇ ನಿಮಿಷದ್ದು. ಕ್ರಾಸ್ ಕಂಟ್ರಿಯವರು ಹಗುರ ಹೆಲ್ಮೆಟ್, ತೆಳು ಟೈರಿನಲ್ಲಿ ಬರುತ್ತಾರೆ. ಹಾಗಾಗಿ ಎಡವಿದವರ ಸಮಯ ಹೋಗಲಿ, ಮೂಳೆ ಉಳಿಯಲಿ. ಪ್ರತಿಯೊಂದು ಕಷ್ಟದ ಜಾಗದಲ್ಲೂ ನಿಂತು, ಇಲ್ಲಿ ತಪ್ಪಿದರೆ ಏನಾಗುತ್ತದೆ ಅಂತ ಕೇಳಿಕೋ. ಒದ್ದೆ ಬೇರಿನ ಮೇಲೆ ಚಕ್ರ ಜಾರಿ ಲೈನ್ ತಪ್ಪಿ ಪೊದೆಗೆ ನುಗ್ಗಿದರೆ ಪರವಾಗಿಲ್ಲ, ಎದ್ದು ಹೋಗುತ್ತಾರೆ. ಅದೇ ಬೇರಿನ ಆಚೆ ಬದಿಗೆ ಚೂಪು ಬಂಡೆ ಇದ್ದರೆ, ಬೇರು ಇಡು, ಬಂಡೆ ತೆಗೆಸು.

ನಿನ್ನ ಡ್ರಾಪಿನ ಬಗ್ಗೆ ಬರೆಯದೆ ಇರಲಾರೆ. ಎತ್ತರ ಮಾತ್ರ ಬರೆದು ಸುಮ್ನೆ ಬಿಟ್ಟಿದ್ದೀಯ. ಕೆಳಗೆ ಇಳಿಜಾರು ಇದ್ದರೆ ಆಳೆತ್ತರದ ಡ್ರಾಪೂ ಮೆತ್ತಗೆ ಇಳಿಸಿಕೊಳ್ಳುತ್ತದೆ. ಸೊಂಟದೆತ್ತರದ್ದೇ ಆದರೂ ಚಪ್ಪಟೆ ನೆಲಕ್ಕೆ ಬಿದ್ದರೆ ಮಣಿಕಟ್ಟು ಮುರಿಯುತ್ತದೆ. ಅಂಚಿಗೆ ಬರುವ ಮೊದಲು ಸವಾರರಿಗೆ ಕೆಳಗಿನ ನೆಲ ಕಾಣುತ್ತದಾ? ನಿಧಾನ ಬಂದವರಿಗೂ ಮುಂದಿನ ಚಕ್ರ ಮೂತಿ ಕೆಳಗೆ ಮಾಡದೆ ಉರುಳಿಕೊಂಡು ಇಳಿಯೋಕೆ ಆಗುತ್ತದಾ? ಇವೆರಡಕ್ಕೂ ಹೌದು ಅನ್ನಲಾಗದಿದ್ದರೆ ಅದನ್ನು ಕಿತ್ತು ಹಾಕು.

ಇನ್ನೊಂದು, ಪ್ರಾಕ್ಟೀಸಿನಲ್ಲಿ ಇದ್ದದ್ದೇ ರೇಸಿನಲ್ಲೂ ಇರಬೇಕು. ಟೋಕಿಯೊ ಒಲಿಂಪಿಕ್ಸ್ 2021ರಲ್ಲಿ ನಡೆಯಿತಲ್ಲ, ಅಲ್ಲಿ ಇಝುವಿನ ಕೋರ್ಸಿನಲ್ಲಿ ಮ್ಯಾಥ್ಯೂ ವಾನ್ ಡೆರ್ ಪೂಲ್ ಮೊದಲ ಲ್ಯಾಪಿನಲ್ಲೇ ಒಂದು ಡ್ರಾಪಿನಲ್ಲಿ ಮುಗ್ಗರಿಸಿ ಕೆಟ್ಟದಾಗಿ ಬಿದ್ದ, ಆಮೇಲೆ ರೇಸ್ ಬಿಡಬೇಕಾಯಿತು. ಮೊದಲು ಅಲ್ಲಿ ಇಳಿಯಲು ಹಲಗೆ ಇತ್ತು, ರೇಸಿನ ದಿನ ಇರುವುದಿಲ್ಲ ಅಂತ ತನಗೆ ಗೊತ್ತಿರಲಿಲ್ಲ ಅಂದ. ಉಳಿದವರು ಅದೇ ಡ್ರಾಪ್ ಹಾರಿ ಹೋದರು, ಸರಿ. ಆದರೆ ಅಷ್ಟು ಪಳಗಿದ ಸವಾರನಿಗೇ ಹೀಗಾಗಬಹುದು ಅಂದಮೇಲೆ, ನಿನ್ನ ರೇಸಿಗೆ ಬರುವ ಹದಿನಾರರ ಹುಡುಗಿಯರನ್ನು ನೆನೆಸಿಕೋ. ಒಂದು ಹಲಗೆ ತೆಗೆದರೂ ಹಾಕಿದರೂ ಪ್ರತಿಯೊಬ್ಬರ ಕಿವಿಗೂ ಬೀಳುವ ಹಾಗೆ ಹೇಳಿಸು. ತೆಗೆಯದೇ ಇರುವುದೇ ವಾಸಿ.

ಮಳೆ ಬಂದರೆ ಏನು ಅಂತ ಯೋಚಿಸಿದ್ದೀಯಾ? ಹವಾಮಾನ ಹೇಗೇ ಇರಲಿ, ಕೋರ್ಸ್ ಪೂರ್ತಿ ಸೈಕಲ್ ಮೇಲೇ ಮುಗಿಸುವಂತಿರಬೇಕು ಅಂತ ಅಂತರರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆ ಯುಸಿಐಯ ನಿಯಮದಲ್ಲೇ ಇದೆ. ಹಾಳಾಗುವ ಜಾಗಕ್ಕೆ ಪಕ್ಕದಲ್ಲಿ ಇನ್ನೊಂದು ದಾರಿ ಇರಲಿ ಅಂತಲೂ ಇದೆ. ಮೊದಲ ಇಳಿಜಾರಿನಲ್ಲಿ ದಾರಿಗೆ ಓರೆಯಾಗಿ ಬಿದ್ದ ಬೇರುಗಳನ್ನು ತೋರಿಸಿದ್ದೀಯಲ್ಲ, ಅಡ್ಡಡ್ಡ ಬಿದ್ದ ಬೇರಿಗಿಂತ ಅವು ಹತ್ತು ಪಾಲು ಕೆಟ್ಟವು. ಮುಂದಿನ ಚಕ್ರವನ್ನು ಹಿಡಿದು ಪಕ್ಕಕ್ಕೆ ಎಳೆದುಬಿಡುತ್ತವೆ. ಮಳೆ ಬಂದ ಮರುದಿನ ನೀನೇ ಆ ಇಳಿಜಾರನ್ನು ಓಡಿಸಿ ನೋಡು.

ಮೊದಲು ರಾಕ್ ಗಾರ್ಡನ್ನನ್ನು ಏರಿನ ತುದಿಯಿಂದ ಇಳಿಜಾರಿನ ಅರ್ಧಕ್ಕೆ ಇಳಿಸು. ಅಷ್ಟು ಹೊತ್ತಿಗೆ ಗುಂಪು ಚದುರಿರುತ್ತದೆ. ಅದಕ್ಕೆ ಮುಂಚೆ ಮೂರು ಸೈಕಲ್ ಅಗಲದ ಒಂದು ತುಂಡು ದಾರಿ ಬಿಡು, ಮುಂದೆ ಹೋಗಬೇಕಾದವರು ಅಲ್ಲೇ ಹೋಗಲಿ. ಡ್ರಾಪಿನ ಲ್ಯಾಂಡಿಂಗ್ ಎಷ್ಟು ಉದ್ದ, ಎಷ್ಟು ಓರೆ ಅಂತ ಅಳತೆ ಬರೆದು, ಹೊಸ ನಕ್ಷೆಯ ಜೊತೆ ಎರಡೂ ಲೈನಿನ ಸಮಯ ಹಾಕಿ ಕಳಿಸು. ನೋಡಿ ಮತ್ತೆ ಬರೆಯುತ್ತೇನೆ.

ನಿನ್ನ ಪ್ರೀತಿಯ
ಮಾವ