ಸಮುದ್ರಕ್ಕಿಳಿದವರು ಸತ್ತ ಸುದ್ದಿ ಬರೀತೀರ, ನೀರು ಏನು ಮಾಡ್ತು ಅಂತಾನೂ ಬರೀರಿ

ಮಾನ್ಯ ಸಂಪಾದಕರೇ,

ನಾನು ಹೊಳಲ್ಕೆರೆ ಕಡೆಯವನು, ಈಗ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಮಾಸ್ಟರ್ಸ್ ಮಾಡ್ತಿದೀನಿ. ಇಲ್ಲಿ ರಾತ್ರಿ ಪಾತ್ರೆ ತೊಳೆದು ಮಲಗೋ ಹೊತ್ತಿಗೆ ನಿಮ್ಮಲ್ಲಿ ಸಂಜೆ ಆಗಿರುತ್ತೆ, ಆಗ ಫೋನಲ್ಲಿ ನಿಮ್ಮ ಪೇಪರ್ ಓದೋದು ಅಭ್ಯಾಸ. "ಸಮುದ್ರಕ್ಕಿಳಿದ ಯುವಕರು ನೀರುಪಾಲು" ಅನ್ನೋ ಹೆಡ್ಡಿಂಗು ವರ್ಷಕ್ಕೆ ಎಷ್ಟು ಸಲ ಬರುತ್ತೋ ಲೆಕ್ಕ ಇಟ್ಟಿಲ್ಲ, ಆದ್ರೆ ಕೆಳಗಿನ ನಾಲ್ಕು ಸಾಲು ಬಾಯಿಪಾಠ ಆಗಿಹೋಗಿದೆ. ಪ್ರವಾಸಕ್ಕೆ ಬಂದಿದ್ರು, ಎಚ್ಚರಿಕೆ ಲೆಕ್ಕಿಸದೆ ನೀರಿಗಿಳಿದ್ರು, ಅಲೆಗಳ ಅಬ್ಬರಕ್ಕೆ ಸಿಲುಕಿ ಕೊಚ್ಚಿಹೋದ್ರು, ಠಾಣೆಯಲ್ಲಿ ಪ್ರಕರಣ ದಾಖಲಾಗಿದೆ. ಅಯ್ಯೋ ಪಾಪ ಅಂದ್ಕೊಂಡು ಕ್ರಿಕೆಟ್ ಪೇಜಿಗೆ ಹೋಗ್ತಿದ್ದವನು ನಾನೂ. ಹೋದ ಜನವರಿಯ ಒಂದು ಭಾನುವಾರದ ನಂತರ ಆ ಸಾಲುಗಳನ್ನ ಹಾಗೆ ದಾಟಿ ಹೋಗೋಕೆ ಆಗ್ತಿಲ್ಲ, ಅದಕ್ಕೇ ಈ ಪತ್ರ.

ಜನವರಿ ಅಂದ್ರೆ ಇಲ್ಲಿ ಉರಿ ಬೇಸಿಗೆ. ಕ್ಲಾಸ್ ನಡೀವಾಗ ನಮ್ಮಂಥ ಸ್ಟೂಡೆಂಟ್ ವೀಸಾದವರು ಎರಡು ವಾರಕ್ಕೆ 48 ಗಂಟೆ ಮಾತ್ರ ಕೆಲಸ ಮಾಡಬಹುದು, ರಜೆಯಲ್ಲಿ ಆ ಮಿತಿ ಇಲ್ಲ, ಹಾಗಾಗಿ ರಜೆ ಬಂತು ಅಂದ್ರೆ ಎಲ್ಲರೂ ಶಿಫ್ಟ್ ಮೇಲೆ ಶಿಫ್ಟ್. ನಾಲ್ಕು ಜನಕ್ಕೂ ಒಂದೇ ದಿನ ರಜಾ ಸಿಗೋದೇ ದೊಡ್ಡ ಪವಾಡ. ನಾನು, ಹುಬ್ಬಳ್ಳಿಯವನೊಬ್ಬ, ಕುಂದಾಪುರದವನೊಬ್ಬ, ಜೊತೆಗೆ ನಮ್ಮ ರೂಮಿನ ನೇಪಾಳಿ ಹುಡುಗ. ಇರೋದು ಹ್ಯಾರಿಸ್ ಪಾರ್ಕ್ ಅನ್ನೋ ಬಡಾವಣೆಯಲ್ಲಿ, ಅಲ್ಲಿ ದೋಸೆ ಹಿಟ್ಟಿಂದ ಹಿಡಿದು ಎಲ್ಲಾ ಸಿಗುತ್ತೆ, ಸಮುದ್ರ ಒಂದು ಬಿಟ್ಟು. ಬೆಳಗ್ಗೆ ಪುಳಿಯೋಗರೆ ಡಬ್ಬಿ ಕಟ್ಕೊಂಡು ಟ್ರೈನ್ ಹತ್ತಿ ಬಂದರಿನ ಪಕ್ಕದ ಸರ್ಕ್ಯುಲರ್ ಕ್ವೇ ಸ್ಟೇಷನ್ನಲ್ಲಿ ಇಳಿದ್ವಿ. ಒಂದು ಕಡೆ ಹಾರ್ಬರ್ ಬ್ರಿಡ್ಜು, 1932ರದ್ದು, ಇಲ್ಲಿಯೋರು ಅದಕ್ಕೆ ಬಟ್ಟೆ ಹ್ಯಾಂಗರ್ ಅಂತಾರೆ, ನೋಡಿದ್ರೆ ನಿಜಾನೇ. ಇನ್ನೊಂದು ಕಡೆ ಒಪೇರಾ ಹೌಸು. ಫೋಟೋದಲ್ಲಿ ಬೆಳ್ಳಗೆ ಕಾಣುತ್ತಲ್ಲ, ಹತ್ರ ಹೋಗಿ ತಲೆ ಎತ್ತಿ ನೋಡಿದ್ರೆ ಅದು ಒಂದೇ ಬಿಳಿ ಇಲ್ಲ, ಹೊಳೆಯೋ ಬಿಳಿ ಟೈಲ್ಸು, ಮಂಕು ಕೆನೆಬಣ್ಣದ ಟೈಲ್ಸು, ಎರಡೂ ಸೇರಿಸಿ ಜೋಡಿಸಿದಾರೆ. ಹತ್ತು ಲಕ್ಷಕ್ಕೂ ಜಾಸ್ತಿ ಇದಾವಂತೆ. ನಮ್ಮ ಹುಬ್ಬಳ್ಳಿ ಗೆಳೆಯ ಸಿವಿಲ್ ಓದಿದವನು, "ಇದನ್ನ ಕೂರ್ಸಿದ ಮೇಸ್ತ್ರಿಗೆ ನಮಸ್ಕಾರ ಹೊಡೀಬೇಕ್ಲೇ" ಅಂತ ನಿಂತೇಬಿಟ್ಟ.

ಅಲ್ಲಿಂದ ಮ್ಯಾನ್ಲಿ ಅನ್ನೋ ಬೀಚಿನ ಕಡೆಗೆ ಫೆರ್ರಿ, ಅರ್ಧ ಗಂಟೆ. ಬಸ್ಸು, ಟ್ರೈನು, ಫೆರ್ರಿ ಎಲ್ಲಕ್ಕೂ ಒಂದೇ ಓಪಲ್ ಕಾರ್ಡು, ವಾರಾಂತ್ಯದಲ್ಲಿ ದಿನಕ್ಕೆ ಇಷ್ಟೇ ದುಡ್ಡು ಅಂತ ಕಮ್ಮಿ ಮಿತಿ ಬೇರೆ, ಅದಾದ್ಮೇಲೆ ಎಷ್ಟು ಸುತ್ತಿದ್ರೂ ಫ್ರೀ. ಬಂದರಿನ ಬಾಯಿಯ ಹತ್ರ ಹೊರಗಿನ ಸಮುದ್ರದ ಅಲೆ ಒಳಗೆ ನುಗ್ಗುತ್ತೆ, ಫೆರ್ರಿ ತೊಟ್ಟಿಲು ತೂಗಿದಂಗೆ ತೂಗ್ತು. ನೇಪಾಳಿ ಹುಡುಗ ಕಂಬಿ ಹಿಡ್ಕೊಂಡು ದೇವರ ಹೆಸರು ಹೇಳ್ತಿದ್ದ, ಕುಂದಾಪುರದವನು ಮಾತ್ರ "ಇದೆಂತ ಮಾರಾಯ, ನಮ್ಮ ಗಂಗೊಳ್ಳಿ ಅಳಿವೆ ಕಂಡಿದ್ಯಾ ನೀನು" ಅಂತ ನಗಾಡ್ತಿದ್ದ. ಮ್ಯಾನ್ಲಿಯಲ್ಲಿ ನಮ್ಮ ಚಿಪ್ಸ್ ಅರ್ಧಕ್ಕರ್ಧ ಸೀಗಲ್ ಹಕ್ಕಿಗಳ ಪಾಲಾಯ್ತು. ಪುಳಿಯೋಗರೆ ಮುಟ್ಟಲಿಲ್ಲ, ಖಾರ ಗೊತ್ತಾಗಿರಬೇಕು.

ಮಧ್ಯಾಹ್ನ ವಾಪಸ್ ಬಂದು 333 ನಂಬರ್ ಬಸ್ಸಲ್ಲಿ ಬಾಂಡೈ ಬೀಚಿಗೆ ಹೋದ್ವಿ. ಸುಮಾರು ಒಂದು ಕಿಲೋಮೀಟರ್ ಉದ್ದದ ಮರಳು, ಕಾಲಿಡೋಕೆ ಜಾಗ ಇಲ್ಲದಷ್ಟು ಜನ. ಸ್ವಲ್ಪ ದೂರದಲ್ಲಿ ಕೆಂಪು ಹಳದಿ ಬಾವುಟ ಎರಡು ನೆಟ್ಟಿದ್ರು, ಅದರ ಮಧ್ಯೆ ಜನ ಸಂತೆ ತರ ತುಂಬಿಕೊಂಡು ಅಲೆಗೆ ಕುಣೀತಿದ್ರು. ನಮಗೆ ಅನ್ಸಿದ್ದು ಏನಂದ್ರೆ, ಅಲ್ಲಿ ಯಾಕೆ ಗುದ್ದಾಡೋದು, ಇಲ್ಲೇ ದಕ್ಷಿಣದ ತುದಿಯಲ್ಲಿ ಜನಾನೂ ಕಮ್ಮಿ, ಅಲೆನೂ ಕಮ್ಮಿ, ನೀರು ಕಪ್ಪಗೆ ತಣ್ಣಗೆ ಕೆರೆ ತರ ಇದೆ, ಇಲ್ಲೇ ಇಳಿಯೋಣ. ಕುಂದಾಪುರದವನು ಮುಂದೆ, ನಾನು ಸೊಂಟದ ಮಟ್ಟ ಬಂದು ನಿಂತೆ, ಈಜು ಬರಲ್ಲ ನಂಗೆ.

ಎರಡು ನಿಮಿಷ ಆಗಿತ್ತೋ ಇಲ್ವೋ, ಇಲ್ಲೇ ಇದ್ದವನು ಅಲ್ಲಿದ್ದ. ಅವನು ನಮ್ಮ ಕಡೆಗೇ ಈಜ್ತಾ ಇದಾನೆ, ಕೈ ಬಡೀತಾ ಇದಾನೆ, ಆದ್ರೆ ಹಿಂದಕ್ಕೇ ಹೋಗ್ತಾ ಇದಾನೆ. ಒಂದು ಅಲೆನೂ ಅವನ ಮೇಲೆ ಬೀಳಲಿಲ್ಲ ಸ್ವಾಮಿ. ಅಬ್ಬರ ಗಿಬ್ಬರ ಏನೂ ಇಲ್ಲ. ತಲೆ ಮಾತ್ರ ತೆಂಗಿನಕಾಯಿ ಗಾತ್ರಕ್ಕೆ ಕಾಣ್ತಿತ್ತು. ನಾವು ಕೂಗೋಕೂ ಮುಂಚೆ ಲೈಫ್‌ಗಾರ್ಡ್ ಒಬ್ಬ ಹಲಗೆ ಮೇಲೆ ಮಲಗಿ ಕೈಯಲ್ಲೇ ಹುಟ್ಟು ಹಾಕ್ಕೊಂಡು ಹೋಗಿಬಿಟ್ಟಿದ್ದ, ಆ ನೀರು ಇವನನ್ನ ಎಳೆದ ದಾರಿಯಲ್ಲೇ ಹೋಗಿ ಹಿಡ್ಕೊಂಡು, ಪಕ್ಕಕ್ಕೆ ತಿರುಗಿ, ಅಲೆ ಒಡೆಯೋ ಕಡೆಯಿಂದ ದಡಕ್ಕೆ ತಂದ. ಬೈಯಲಿಲ್ಲ. "ಬಾವುಟದ ಮಧ್ಯೆ ಇರು ಮೇಟ್" ಅಂದ. ಲೈಫ್‌ಗಾರ್ಡ್‌ಗಳು ಕಾವಲು ಕಾಯೋ ಜಾಗಕ್ಕೇ ಆ ಕೆಂಪು ಹಳದಿ ಬಾವುಟ ನೆಡೋದಂತೆ. ಇಲ್ಲಿಯ ಮೇಟ್ ಅಂದ್ರೆ ನಿಮ್ಮ ಕರಾವಳಿಯ ಮಾರಾಯ ಇದ್ದಂಗೆ, ಪ್ರೀತಿಗೂ ಅದೇ ಸಿಟ್ಟಿಗೂ ಅದೇ.

ಆಮೇಲೆ ಮರಳಲ್ಲಿ ಕೋಲಿಂದ ಗೀರಿ ತೋರಿಸ್ದ. ಅಲೆಗಳು ಮರಳಿನ ದಿಬ್ಬ ದಾಟಿ ದಡಕ್ಕೆ ನೀರು ತಂದು ಸುರಿತಾನೇ ಇರ್ತವೆ, ಆ ನೀರೆಲ್ಲ ಎಲ್ಲೋ ಒಂದು ಕಡೆ ವಾಪಸ್ ಹೋಗ್ಬೇಕಲ್ಲ, ದಿಬ್ಬದ ಮಧ್ಯೆ ಆಳದ ಕಾಲುವೆ ಸಿಕ್ಕಿದ್ರೆ ಎಲ್ಲಾ ಅಲ್ಲೇ ನುಗ್ಗುತ್ತೆ. ಅದಕ್ಕೆ ಇಲ್ಲಿ ರಿಪ್ ಅಂತಾರೆ. ಆಳ ಇರೋದ್ರಿಂದ ಅಲ್ಲಿ ಅಲೆ ಒಡೆಯಲ್ಲ, ಬಣ್ಣ ಕಪ್ಪಗೆ ಕಾಣುತ್ತೆ, ಶಾಂತವಾಗಿರುತ್ತೆ, ಗೊತ್ತಿಲ್ಲದೋರು ಹುಡುಕಿಕೊಂಡು ಹೋಗಿ ಅಲ್ಲೇ ಇಳೀತಾರೆ. ಅದು ಕೆಳಗೆ ಎಳೆಯಲ್ಲ, ಹೊರಗೆ ಎಳೆಯುತ್ತೆ. ಎದುರು ಈಜಿದ್ರೆ ಎಂಥಾ ಈಜುಗಾರನೂ ಸುಸ್ತಾಗಿ ಮುಳುಗ್ತಾನೆ. ಗಾಬರಿ ಆಗದೆ ತೇಲ್ಕೊಂಡು ಕೈ ಎತ್ತಬೇಕು, ಕೈಲಾದ್ರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಬೇಕು. ನಾವು ಇಳಿದ ಜಾಗಕ್ಕೆ ಇಲ್ಲಿ 'ಬ್ಯಾಕ್‌ಪ್ಯಾಕರ್ಸ್ ಎಕ್ಸ್‌ಪ್ರೆಸ್' ಅಂತಾನೇ ಹೆಸರು, ಬಸ್ ಸ್ಟಾಪಿಗೆ ಹತ್ರ ಅಂತ ಹೊರಗಿಂದ ಬಂದೋರೆಲ್ಲ ಅಲ್ಲೇ ನೀರಿಗೆ ಬೀಳ್ತಾರಲ್ಲ, ಅದಕ್ಕೆ.

ಇಲ್ಲಿಯೋರೇನು ಹುಟ್ಟುತ್ತಲೇ ಜಾಣರಾಗಿರಲಿಲ್ಲ. 1938ರ ಫೆಬ್ರವರಿ 6ರ ಭಾನುವಾರ ಇದೇ ಬಾಂಡೈಯಲ್ಲಿ ದೊಡ್ಡ ಅಲೆಗಳು ಒಂದರ ಹಿಂದೆ ಒಂದು ಬಂದು ಮರಳು ದಿಬ್ಬದ ಮೇಲೆ ನಿಂತಿದ್ದ ನೂರಾರು ಜನರನ್ನ ಒಟ್ಟಿಗೆ ಎಳ್ಕೊಂಡು ಹೋದ್ವು, ಸುಮಾರು 250 ಜನರನ್ನ ಎತ್ತಿ ತಂದ್ರು, ಐವರು ತೀರಿಕೊಂಡ್ರು. ಈಗಲೂ ಸಾಯ್ತಾರೆ. 2024ರ ಜನವರಿಯಲ್ಲಿ ಮೆಲ್ಬರ್ನ್ ಆಚೆಯ ಫಿಲಿಪ್ ಐಲ್ಯಾಂಡಲ್ಲಿ ಕಾವಲು ಇಲ್ಲದ ಬೀಚಲ್ಲಿ ನಮ್ಮ ಭಾರತೀಯರೇ ನಾಲ್ವರು ಹೋದ್ರು.

ಅವತ್ತು ರಾತ್ರಿ ನನಗೆ ನೆನಪಾಗಿದ್ದು ಮುರುಡೇಶ್ವರ. ಹೈಸ್ಕೂಲ್ ಟೂರಲ್ಲಿ ನಾನು ಮೊದಲ ಸಲ ಸಮುದ್ರ ನೋಡಿದ್ದು ಅಲ್ಲೇ, ಮೇಷ್ಟ್ರು "ಮೊಣಕಾಲಿನ ಮೇಲೆ ಹೋಗ್ಬೇಡಿ" ಅಂದಿದ್ರು, ಅಷ್ಟೇ ಅವರಿಗೂ ಗೊತ್ತಿದ್ದಿದ್ದು. 2024ರ ಡಿಸೆಂಬರಲ್ಲಿ ಅದೇ ಮುರುಡೇಶ್ವರದಲ್ಲಿ ಕೋಲಾರ ಜಿಲ್ಲೆಯಿಂದ ಟೂರ್ ಬಂದಿದ್ದ ನಾಲ್ವರು ಹುಡುಗಿಯರು ಮುಳುಗಿ ಸತ್ರು. ಯಾರನ್ನ ಸಸ್ಪೆಂಡ್ ಮಾಡಿದ್ರು, ಯಾವ ಸಚಿವರು ಏನಂದ್ರು, ಪರಿಹಾರ ಎಷ್ಟು, ಎಲ್ಲಾ ಓದಿದೆ. ನಾನು ಓದಿದ್ದರಲ್ಲಿ ನೀರು ಆ ಮಕ್ಕಳನ್ನ ಯಾವ ಜಾಗದಲ್ಲಿ, ಯಾವ ಕಡೆಗೆ ಎಳೀತು ಅನ್ನೋದು ಮಾತ್ರ ಎಲ್ಲೂ ಇರಲಿಲ್ಲ.

ಹಾಗಾಗಿ ನಿಮ್ಮಲ್ಲಿ ಕೇಳೋದು ಸರ್ಕಾರದ ಕೆಲಸ ಏನಲ್ಲ, ನಿಮ್ಮ ಕೈಯಲ್ಲೇ ಇರೋದು. ಮುಂದಿನ ಸಲ ಇಂಥ ಸುದ್ದಿ ಬಂದಾಗ (ಬರದೇ ಇರ್ಲಿ) ನಿಮ್ಮ ವರದಿಗಾರರು ಠಾಣೆಗೆ ಫೋನ್ ಮಾಡಿ ಮುಗಿಸೋ ಬದಲು ಆ ಬೀಚಿನ ಮೀನುಗಾರರನ್ನ, ಅಲ್ಲಿ ಸೀಟಿ ಊದೋ ಜೀವರಕ್ಷಕ ಸಿಬ್ಬಂದಿಯನ್ನ ಒಂದು ಮಾತು ಕೇಳ್ಲಿ. ಸೆಳೆತ ಎಲ್ಲಿರುತ್ತೆ ಅಂತ ಅವರಿಗೆ ಚೆನ್ನಾಗಿ ಗೊತ್ತಿರುತ್ತೆ. "ಅಲೆಗಳ ಅಬ್ಬರ" ತೆಗೆದು ಅದನ್ನ ಎರಡು ಸಾಲು ಹಾಕಿ. ಡಿಸೆಂಬರ್ ಟೂರ್ ಸೀಸನ್ ಶುರುವಾಗೋ ಮುಂಚೆ ಆ ಕಾಲುವೆಯ ಒಂದು ಚಿತ್ರ ಬರೆಸಿ ಜಿಲ್ಲಾ ಪುಟದಲ್ಲಿ ಹಾಕಿ, ಕರಾವಳಿ ಆವೃತ್ತಿಯಲ್ಲಿ ಹಾಕಿದ್ರೆ ಸಾಲದು, ಕೋಲಾರ, ಚಿತ್ರದುರ್ಗ, ಕಲಬುರಗಿ ಆವೃತ್ತಿಯಲ್ಲಿ ಹಾಕಿ, ಸಮುದ್ರಕ್ಕೆ ಬರೋರು ಅಲ್ಲಿಯ ಮಕ್ಕಳು.

ಇನ್ನೊಂದು ವಿಷ್ಯ. ಕುಂದಾಪುರದ ಗೆಳೆಯನ ಹೆಸರು ಬೇಕಂತಲೇ ಹಾಕಿಲ್ಲ, ದಯವಿಟ್ಟು ನೀವೂ ಕೇಳ್ಬೇಡಿ. ಅವರಮ್ಮ ನಿಮ್ಮ ಪೇಪರ್ ಮೊದಲ ಪುಟದಿಂದ ಕೊನೆ ಪುಟದವರೆಗೂ ಓದ್ತಾರೆ, ಮಗ ಅವತ್ತು ಲೈಬ್ರರಿಯಲ್ಲಿದ್ದ ಅಂತ ತಿಳ್ಕೊಂಡಿದಾರೆ.

ಇಂತಿ,
ಸಿಡ್ನಿಯಿಂದ ನಿಮ್ಮ ಓದುಗ