ಪೇಷಂಟ್ ಕಡೆಯವರಿಗೂ ಪ್ರಥಮ ಚಿಕಿತ್ಸೆ ಬೇಕು

ಮಾನ್ಯರೇ,

ಅಪಘಾತ, ಬೆಂಕಿ ಅನಾಹುತದ ಸುದ್ದಿ ಬಂದಾಗಲೆಲ್ಲ ಪಕ್ಕದಲ್ಲಿ ಪ್ರಥಮ ಚಿಕಿತ್ಸೆಯ ಸಣ್ಣ ಬಾಕ್ಸ್ ಹಾಕುವ ನಿಮ್ಮ ರೂಢಿ ಒಳ್ಳೆಯದು. ರಕ್ತ ಒಸರುತ್ತಿದ್ದರೆ ಎಲ್ಲಿ ಒತ್ತಬೇಕು, ಸುಟ್ಟ ಜಾಗಕ್ಕೆ ಏನು ಹಚ್ಚಬಾರದು, ಎಲ್ಲ ಇರುತ್ತದೆ. ಆದರೆ ಮೈಮೇಲೆ ಒಂದು ಗೀರೂ ಇಲ್ಲದೆ ಗೋಡೆಗೆ ಒರಗಿ ನಡುಗುತ್ತ ನಿಂತವರಿಗೆ ಏನು ಮಾಡಬೇಕೆಂದು ಎಲ್ಲೂ ಬರೆದಿರುವುದಿಲ್ಲ. ನಾನು ಕ್ಯಾಶುವಾಲ್ಟಿಯ ಸ್ಟಾಫ್ ನರ್ಸ್. ಸ್ಟ್ರೆಚರ್ ಒಳಗೆ ಹೋದಮೇಲೆ ಬಾಗಿಲ ಹೊರಗೆ ಉಳಿಯುವ ಜನರನ್ನು ಪ್ರತಿ ಡ್ಯೂಟಿಯಲ್ಲೂ ನೋಡುತ್ತೇನೆ. ಅವರ ಸಲುವಾಗಿ ಈ ಪತ್ರ.

ಮಾನಸಿಕ ಪ್ರಥಮ ಚಿಕಿತ್ಸೆ ಎಂಬ ತರಬೇತಿಯೊಂದಿದೆ. ವಿಶ್ವ ಆರೋಗ್ಯ ಸಂಸ್ಥೆ ಬೇರೆ ಸಂಸ್ಥೆಗಳ ಜೊತೆ ಸೇರಿ 2011ರಲ್ಲಿ ಇದಕ್ಕೊಂದು ಕೈಪಿಡಿ ತಂದಿತು. ಕಲಿಯಲು ಡಾಕ್ಟರೇ ಆಗಬೇಕಿಲ್ಲ, ಮನಶ್ಶಾಸ್ತ್ರ ಓದಿರಬೇಕಿಲ್ಲ. ನೋಡು, ಆಲಿಸು, ಜೋಡಿಸು: ಇಷ್ಟೇ ಅದರ ಚೌಕಟ್ಟು. ಮೊದಲು ಜಾಗ ಸುರಕ್ಷಿತವೇ, ಯಾರು ತೀರಾ ಕಂಗಾಲಾಗಿದ್ದಾರೆ ಎಂದು ನೋಡುವುದು. ಹತ್ತಿರ ಹೋಗಿ ನಮ್ಮ ಹೆಸರು ಹೇಳಿ, ಈಗ ಏನು ಬೇಕೆಂದು ಕೇಳಿ, ಹೇಳಿದ್ದಕ್ಕೆ ಕಿವಿಗೊಡುವುದು. ಆಮೇಲೆ ಅವರ ಮನೆಯವರಿಗೆ, ಸರಿಯಾದ ಮಾಹಿತಿಗೆ, ಅಗತ್ಯವಿದ್ದರೆ ತಜ್ಞರಿಗೆ ಜೋಡಿಸುವುದು.

ಹೇಳುವುದು ಸುಲಭ, ಕಾರಿಡಾರಿನಲ್ಲಿ ಅದು ಹೇಗಿರುತ್ತದೆ ಎಂದರೆ: ಗಂಡನನ್ನು ಒಳಗೆ ಕರೆದೊಯ್ದಿದ್ದಾರೆ, ಹೆಂಡತಿಯ ಕೈಯಲ್ಲಿ ಫೋನ್ ಇದೆ, ಆದರೆ ಅಣ್ಣನ ನಂಬರ್ ಹುಡುಕಲು ಬೆರಳು ಓಡುತ್ತಿಲ್ಲ. ಆಕೆಗೆ ಆಗ ಬೇಕಾದದ್ದು ಒಂದು ಕುರ್ಚಿ, ಕುಡಿಯಲು ನೀರು, ನಂಬರ್ ಹುಡುಕಿ ಕೊಡುವ ಒಂದು ಕೈ. ಉಸಿರು ಸಿಗದಂತೆ ಒದ್ದಾಡುತ್ತಿದ್ದರೆ, ಪಾದ ನೆಲಕ್ಕೆ ಊರಿ ಕೂರಲು, ಬೆರಳುಗಳಿಂದ ತೊಡೆಯ ಮೇಲೆ ಮೆಲ್ಲಗೆ ತಟ್ಟಲು, ಸುತ್ತಮುತ್ತ ಕಾಣುವ ಕೇಳುವ ಸಾಧಾರಣ ವಸ್ತುಗಳ ಕಡೆ ಗಮನ ಕೊಡಲು, ನಿಧಾನ ಉಸಿರಾಡಲು ಹೇಳುತ್ತೇವೆ. ಒಳಗೆ ಏನು ನಡೆಯುತ್ತಿದೆ ಎಂದು ಆಗಾಗ ಬಂದು ತಿಳಿಸುತ್ತೇವೆ. ತಿಳಿಸಲು ಹೊಸದೇನೂ ಇಲ್ಲದಿದ್ದರೆ ಅದನ್ನೂ ತಿಳಿಸುತ್ತೇವೆ.

ನಮ್ಮ ಜನಕ್ಕೆ ಮನಸ್ಸು ಕಡಿಮೆಯೇನಿಲ್ಲ, ಸಮಾಧಾನ ಹೇಳಲು ಹತ್ತು ಮಂದಿ ಓಡಿ ಬರುತ್ತಾರೆ. ‘ಏನೂ ಆಗಲ್ಲ ಬಿಡಿ’ ಅನ್ನುತ್ತಾರೆ. ಆಗುವುದಿಲ್ಲವೆಂದು ಒಳಗಿರುವ ಡಾಕ್ಟರಿಗೇ ಗೊತ್ತಿರುವುದಿಲ್ಲ. ಮಗನನ್ನು ಕಳೆದುಕೊಂಡ ತಂದೆಗೆ ‘ನೀವಾದರೂ ಉಳಿದಿರಲ್ಲ, ಪುಣ್ಯ’ ಅನ್ನುತ್ತಾರೆ. ಅಳುವವರಿಗೆ ಅಳಬೇಡಿ ಅನ್ನುತ್ತಾರೆ. ಇವೆಲ್ಲಕ್ಕಿಂತ ನನಗೆ ಕಷ್ಟವೆನಿಸುವುದು ‘ಹೇಗಾಯ್ತು?’ ಎಂಬ ಪ್ರಶ್ನೆ. ಬಂದ ಪ್ರತಿಯೊಬ್ಬರಿಗೂ ಅದೇ ಕಥೆಯನ್ನು ಮೊದಲಿನಿಂದ ಹೇಳಿಸುತ್ತಾರೆ.

ಹೇಳಿಕೊಂಡರೆ ಮನಸ್ಸು ಹಗುರಾಗುತ್ತದಲ್ಲ ಎಂದು ಓದುಗರು ಕೇಳಬಹುದು. ತಾನಾಗಿ ಹೇಳಿದರೆ ಕೇಳಲೇಬೇಕು, ಕೆದಕಿ ಹೇಳಿಸುವುದು ಬೇರೆ. ದುರಂತ ನಡೆದ ಕೆಲವೇ ದಿನಗಳಲ್ಲಿ ಸಂತ್ರಸ್ತರನ್ನು ಕೂರಿಸಿಕೊಂಡು ಆದದ್ದನ್ನೆಲ್ಲ ಹೇಳಿಸುವ ಪದ್ಧತಿ ಒಂದು ಕಾಲಕ್ಕೆ ತಜ್ಞರಲ್ಲೇ ಚಾಲ್ತಿಯಲ್ಲಿತ್ತು. ಸುಟ್ಟಗಾಯದ ರೋಗಿಗಳ ಮೇಲೆ ನಡೆದು 1997ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹದಿಮೂರು ತಿಂಗಳ ನಂತರ ನೋಡಿದಾಗ, ಹಾಗೆ ಹೇಳಿಸಿದ ಗುಂಪಿನಲ್ಲಿ ಶೇ 26ರಷ್ಟು ಮಂದಿಗೆ ಆಘಾತೋತ್ತರ ಒತ್ತಡದ ಕಾಯಿಲೆ, ಅಂದರೆ ದುರಂತದ ನೆನಪು ಬಿಡದೆ ಕಾಡುವ ಕಾಯಿಲೆ (ಪಿಟಿಎಸ್‌ಡಿ) ಇತ್ತು. ಹೇಳಿಸದ ಗುಂಪಿನಲ್ಲಿ ಶೇ 9. ಮೊದಲ ಗುಂಪಿನವರಿಗೆ ಆರಂಭದಲ್ಲೇ ಪೆಟ್ಟು ಹೆಚ್ಚಿತ್ತು ಎಂಬ ತಕರಾರು ಇದೆ, ಅದು ನ್ಯಾಯವೇ. ಆದರೆ ಆಮೇಲಿನ ಪರಿಶೀಲನೆಗಳಲ್ಲೂ ಪ್ರಯೋಜನ ಕಾಣದೆ, ವಿಶ್ವ ಆರೋಗ್ಯ ಸಂಸ್ಥೆ ಆ ಪದ್ಧತಿ ಬೇಡ ಎಂದಿದೆ. ಮಾನಸಿಕ ಪ್ರಥಮ ಚಿಕಿತ್ಸೆಯಿಂದ ಮುಂದಿನ ಕಾಯಿಲೆ ತಪ್ಪುತ್ತದೆ ಎನ್ನಲು ಗಟ್ಟಿ ಪುರಾವೆಯೂ ಇನ್ನೂ ಕಡಿಮೆ, ಅದನ್ನೂ ಹೇಳಿಬಿಡುತ್ತೇನೆ. ನೊಂದವರನ್ನು ಇನ್ನಷ್ಟು ನೋಯಿಸದೆ ಜೊತೆಗಿರುವ ದಾರಿ ಎಂಬಷ್ಟಕ್ಕೇ ನಾನು ಅದನ್ನು ನೆಚ್ಚಿಕೊಂಡಿರುವುದು.

ಹೆಚ್ಚಿನವರು ಮನೆಯವರ ಆಸರೆಯಲ್ಲಿ ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ. ವಾರಗಳು ಉರುಳಿದರೂ ನಿದ್ದೆ, ಊಟ ಸೇರದವರನ್ನು ತಜ್ಞರ ಬಳಿ ಕರೆದೊಯ್ಯಬೇಕು. ‘ಬದುಕಿ ಏನು ಮಾಡಲಿ’ ಎಂಬ ಮಾತು ಬಂದರೆ ಅಷ್ಟು ದಿನ ಕಾಯುವಂತಿಲ್ಲ. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿ. ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟುವುದಿಲ್ಲ. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ, ಕೂಡಲೇ ಆಸ್ಪತ್ರೆಗೆ ಕರೆತನ್ನಿ.

ಇನ್ನು ನೆರವಾಗುವವರ ಪಾಡು. ‘ಸಿಸ್ಟರ್‌ಗೆ ಇದೆಲ್ಲ ಅಭ್ಯಾಸ’ ಎನ್ನುವವರಿದ್ದಾರೆ. ಮಗುವಿನ ಕೇಸ್ ಬಂದ ದಿನ ಯಾರಿಗೂ ಅಭ್ಯಾಸವಿರುವುದಿಲ್ಲ. ಮಾನಸಿಕ ಪ್ರಥಮ ಚಿಕಿತ್ಸೆಯ ಆ ಕೈಪಿಡಿಯಲ್ಲಿ ಇದಕ್ಕೂ ಒಂದು ಭಾಗವಿದೆ: ವಿಶ್ರಾಂತಿ ತೆಗೆದುಕೊಳ್ಳಿ, ಜೊತೆಗಾರರು ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳಿ, ಎಲ್ಲವನ್ನೂ ನೀವೇ ಸರಿಮಾಡಬೇಕೆಂದು ಹೊರಟಾಗ ಅದು ಆಗದು ಎಂದು ನೆನಪಿಟ್ಟುಕೊಳ್ಳಿ. ನೈಟ್ ಡ್ಯೂಟಿ ಮುಗಿದ ಮೇಲೆ ನಾವು ಇಬ್ಬಿಬ್ಬರು ಜೊತೆಯಾಗಿ ಹೊರಡುತ್ತೇವೆ. ‘ಏನಾದರೂ ತಿಂದೆಯಾ, ಮನೆಗೆ ಹೋಗಿ ಮಲಗುತ್ತೀಯಾ, ಯಾರ ಮುಖ ಕಣ್ಣಿಗೆ ಕಟ್ಟಿದೆ’ ಎಂದು ಕೇಳಿಕೊಳ್ಳುತ್ತೇವೆ. ಕೊನೆಯ ಪ್ರಶ್ನೆಗೆ ಉತ್ತರ ಕೊಡಲೇಬೇಕೆಂದೇನಿಲ್ಲ. ಮನೆಯಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರೂ, ಊರಿನವರ ಕಷ್ಟಕ್ಕೆಲ್ಲ ಓಡುವವರೂ ಹೀಗೆ ವಿಚಾರಿಸುವ ಒಬ್ಬರನ್ನಾದರೂ ಇಟ್ಟುಕೊಳ್ಳಲಿ.

ಪತ್ರಿಕೆಗೆ ಎರಡು ವಿನಂತಿ. ಆ ಬಾಕ್ಸಿನಲ್ಲಿ ಮುಂದಿನ ಸಲದಿಂದ ಇದಕ್ಕೂ ನಾಲ್ಕು ಸಾಲು ಕೊಡಿ. ಎರಡನೆಯದು ವರದಿಗಾರರಿಗೆ, ಮುಖ್ಯವಾಗಿ ಕ್ಯಾಮೆರಾ ಹಿಡಿದು ಬರುವವರಿಗೆ: ಶವಾಗಾರದ ಬಾಗಿಲಲ್ಲಿ ತಾಯಿಯ ಮುಂದೆ ಮೈಕ್ ಹಿಡಿದು ‘ಈಗ ಏನನ್ನಿಸುತ್ತಿದೆ ಅಮ್ಮಾ’ ಎಂದು ಕೇಳುವುದನ್ನು ನಿಲ್ಲಿಸಿ. ಘಟನೆಯ ವಿವರ ಪೊಲೀಸರಲ್ಲಿ ಸಿಗುತ್ತದೆ. ಆಕೆ ತಾನಾಗಿ ಮಾತಾಡಲು ಬಂದರೆ ಪಕ್ಕದಲ್ಲಿ ಕೂತು, ಕ್ಯಾಮೆರಾ ಕೆಳಗಿಟ್ಟು, ಇದನ್ನು ಬರೆಯಬಹುದೇ ಎಂದು ಕೇಳಿ. ಬೇಡ ಅಂದರೆ ಬರೆಯಬೇಡಿ.

ಇಂತಿ,
ತುರ್ತು ಚಿಕಿತ್ಸಾ ವಿಭಾಗದ ಒಬ್ಬ ಶುಶ್ರೂಷಕಿ