ಇದನ್ನೂ ನೋಡಿ

ಚಿ. ಪುಟ್ಟಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಕ್ಷೇಮ. ಹಾಸ್ಟೆಲಿನ ಊಟ ಹೇಗೇ ಇರಲಿ, ಹೊತ್ತಿಗೆ ಸರಿಯಾಗಿ ತಿನ್ನು.

ಮೊನ್ನೆ ರಾತ್ರಿ ಫೋನಿನಲ್ಲಿ ನೀನು ಹೇಳಿದ ಮಾತು ನನ್ನ ತಲೆಯಿಂದ ಹೋಗುತ್ತಿಲ್ಲ. "ಎರಡು ಸಾವಿರಕ್ಕೂ ಜಾಸ್ತಿ ಪಿಡಿಎಫ್ ಸೇವ್ ಮಾಡಿದೀನಿ ದೊಡ್ಡಮ್ಮ, ಬರೆಯೋಕೆ ಕೂತ್ರೆ ಒಂದೂ ನೆನಪಿಗೆ ಬರಲ್ಲ. ನಾನೇ ದಡ್ಡಿ ಅನ್ಸುತ್ತೆ" ಅಂದೆ. ಆಗ ನನಗೆ ಸರಿಯಾದ ಉತ್ತರ ಹೊಳೆಯಲಿಲ್ಲ. ಎರಡು ದಿನ ಯೋಚನೆ ಮಾಡಿ ಈಗ ಬರೆಯುತ್ತಿದ್ದೇನೆ. ನೀನು ಸಂಶೋಧನೆ ಮಾಡುತ್ತಿರುವ ಅಂತರ್ಜಲದ ಬಗ್ಗೆ ನನಗೆ ಏನೂ ಗೊತ್ತಿಲ್ಲ. ಆದರೆ 31 ವರ್ಷ ಕಾಲೇಜು ಲೈಬ್ರರಿಯಲ್ಲಿ ಕೂತವಳು ನಾನು. ಓದಿದ್ದು ಎಲ್ಲಿ ಕಳೆದುಹೋಗುತ್ತದೆ ಅನ್ನುವುದು ಸ್ವಲ್ಪ ಗೊತ್ತು.

ನೀನು ದಡ್ಡಿ ಅಲ್ಲ ಮಗಳೇ. ಇದೇ ಕಷ್ಟವನ್ನು ವ್ಯಾನೆವರ್ ಬುಷ್ ಅನ್ನುವ ಎಂಜಿನಿಯರ್ 1945ರಲ್ಲಿ ಬರೆದಿದ್ದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸುಮಾರು 6,000 ವಿಜ್ಞಾನಿಗಳ ಕೆಲಸ ಅವರ ಉಸ್ತುವಾರಿಯಲ್ಲಿತ್ತು. ಯುದ್ಧ ಮುಗಿಯುತ್ತಾ ಬಂದಾಗ, ಆ ಜುಲೈನಲ್ಲಿ, ಅಟ್ಲಾಂಟಿಕ್ ಮಂತ್ಲಿ ಪತ್ರಿಕೆಗೆ ಒಂದು ಲೇಖನ ಬರೆದರು. ಸಂಶೋಧನೆ ಗುಡ್ಡೆ ಗುಡ್ಡೆ ಬೆಳೆಯುತ್ತಿದೆ, ಓದುವುದಕ್ಕೇ ಪುರುಸೊತ್ತಿಲ್ಲ, ನೆನಪಿಟ್ಟುಕೊಳ್ಳುವುದು ದೂರದ ಮಾತು ಅನ್ನುವುದು ಅವರ ಸಂಕಟ. ಒಂದು ತಲೆಮಾರಿನ ಗುಣ ಮುಂದಿನದಕ್ಕೆ ಹೇಗೆ ಬರುತ್ತದೆ ಅಂತ ಕಂಡುಹಿಡಿದ ಮೆಂಡಲ್ ಕಥೆಯನ್ನು ಅಲ್ಲಿ ನೆನಪಿಸುತ್ತಾರೆ. ಬಟಾಣಿ ಗಿಡಗಳ ಮೇಲೆ ಅವನು ಮಾಡಿದ ಕೆಲಸ 1866ರಲ್ಲಿ ಅಚ್ಚಾಯಿತು. ಬೇರೆ ವಿಜ್ಞಾನಿಗಳು ಅದನ್ನು ಮತ್ತೆ ಗುರುತಿಸಿದ್ದು 1900ರಲ್ಲಿ. ಅಷ್ಟೂ ವರ್ಷ ಅದು ಲೈಬ್ರರಿಗಳಲ್ಲೇ ಇತ್ತು, ಬೇಕಾದವರ ಕೈಗೆ ಸಿಗಲಿಲ್ಲ ಅಷ್ಟೇ.

ಇದಕ್ಕೆ ಅವರು ಕಲ್ಪಿಸಿಕೊಂಡಿದ್ದು ಒಂದು ಮೇಜು. ಮೆಮೆಕ್ಸ್ ಅಂತ ಹೆಸರಿಟ್ಟರು. ಮೇಜಿನ ಒಳಗೆ ಪುಟಗಳನ್ನು ತೀರಾ ಚಿಕ್ಕದಾಗಿ ಫೋಟೋ ಹಿಡಿದ ಮೈಕ್ರೋಫಿಲ್ಮ್, ಮೇಲೆ ಓರೆಯಾಗಿ ಕೂರಿಸಿದ ಪರದೆಗಳು, ಒಂದು ಕೀಲಿಮಣೆ, ಪುಟ ತಿರುಗಿಸಲು ಹಿಡಿಕೆ. ದಿನಕ್ಕೆ 5,000 ಪುಟ ತುಂಬಿಸಿದರೂ ಅದು ಭರ್ತಿಯಾಗಲು ನೂರಾರು ವರ್ಷ ಬೇಕು. ಆ ಮೇಜನ್ನು ಯಾರೂ ಕಟ್ಟಲಿಲ್ಲ, ಅದು ಕಾಗದದ ಮೇಲೇ ಉಳಿಯಿತು. ಬುಷ್ ಹೆಸರು ಬಂದಾಗೆಲ್ಲ ಜನ ಈ ಮೇಜನ್ನೇ ಹೇಳುತ್ತಾರೆ. ನನಗೆ ಮುಖ್ಯ ಅನಿಸಿದ್ದು ಅದರ ಮುಂದೆ ಕೂತವನ ಕೆಲಸ.

ಬುಷ್ ಒಂದು ಉದಾಹರಣೆ ಕೊಡುತ್ತಾರೆ. ಕ್ರೂಸೇಡ್ ಯುದ್ಧಗಳಲ್ಲಿ ಇಂಗ್ಲಿಷರ ಉದ್ದ ಬಿಲ್ಲಿಗಿಂತ ತುರ್ಕರ ಗಿಡ್ಡ ಬಿಲ್ಲು ಯಾಕೆ ಮೇಲಾಯಿತು ಅಂತ ಒಬ್ಬ ಹುಡುಕುತ್ತಿದ್ದಾನೆ. ವಿಶ್ವಕೋಶದಲ್ಲಿ ಒಂದು ಲೇಖನ ಸಿಗುತ್ತದೆ. ಇತಿಹಾಸದ ಪುಸ್ತಕದಲ್ಲಿ ಇನ್ನೊಂದು ಸಿಗುತ್ತದೆ. ಎರಡನ್ನೂ ಗಂಟು ಹಾಕುತ್ತಾನೆ. ಆಮೇಲೆ ಬಿಲ್ಲು ಮಾಡಿದ ವಸ್ತು ಎಷ್ಟು ಬಾಗುತ್ತದೆ ಅನ್ನುವ ಪ್ರಶ್ನೆ ಬರುತ್ತದೆ, ಭೌತಶಾಸ್ತ್ರದ ಕಡೆ ಹೊರಳುತ್ತಾನೆ. ಅದನ್ನೂ ಕಟ್ಟುತ್ತಾನೆ. ನಡುವೆ ತನ್ನ ಕೈಬರಹದ ಒಂದು ಪುಟವನ್ನೂ ಸೇರಿಸುತ್ತಾನೆ. ಹೀಗೆ ಒಂದು ಜಾಡು ಆಗುತ್ತದೆ. ಎಷ್ಟೋ ವರ್ಷದ ಮೇಲೆ ಒಬ್ಬ ಗೆಳೆಯನ ಜೊತೆ ಮಾತು ಬರುತ್ತದೆ, ಹೊಸದು ಒಳ್ಳೆಯದೇ ಆದರೂ ಜನ ಯಾಕೆ ಒಪ್ಪುವುದಿಲ್ಲ ಅಂತ. ತಕ್ಷಣ ಅವನು ಆ ಹಳೇ ಜಾಡನ್ನು ತೆಗೆದು ತೋರಿಸುತ್ತಾನೆ, ಅದರ ಪ್ರತಿ ಮಾಡಿ ಗೆಳೆಯನಿಗೂ ಕೊಡುತ್ತಾನೆ.

ನೋಡಿದೆಯಾ? ಪುಟಗಳನ್ನು ಇಟ್ಟುಕೊಂಡಿದ್ದು ಮೇಜು. ಗಂಟು ಹಾಕಿದ್ದು ಓದಿದವನು. ನಿನ್ನ ಲ್ಯಾಪ್‌ಟಾಪ್ ಮೇಜಿನ ಕೆಲಸವನ್ನು ಚೆನ್ನಾಗಿಯೇ ಮಾಡುತ್ತಿದೆ. ಗಂಟು ಮಾತ್ರ ಬಿದ್ದಿಲ್ಲ.

ಲೈಬ್ರರಿಯವರು ವಿಷಯಗಳನ್ನು ಗೂಡು ಮಾಡಿ ತುಂಬುತ್ತಾರೆ, ಮನುಷ್ಯನ ಮನಸ್ಸು ಹಾಗೆ ನಡೆಯುವುದಿಲ್ಲ ಅಂತ ಬುಷ್ ಅದೇ ಲೇಖನದಲ್ಲಿ ದೂರುತ್ತಾರೆ. ಆ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ ಇಲ್ಲ. ನಮ್ಮ ಲೈಬ್ರರಿ ಕಡೆಯವರೂ ಆ ಗೂಡುಗಳನ್ನು ಒಡೆಯಲು ಬಹಳ ಒದ್ದಾಡಿದ್ದರು. ಬ್ರಸೆಲ್ಸ್‌ನಲ್ಲಿ ಪಾಲ್ ಓಟ್ಲೆ ಅಂತ ಒಬ್ಬರಿದ್ದರು. 1895ರಲ್ಲಿ ಗೆಳೆಯ ಹೆನ್ರಿ ಲಾ ಫಾಂಟೇನ್ ಜೊತೆ ಸೇರಿ ಲೋಕದ ಎಲ್ಲ ಪುಸ್ತಕ, ಲೇಖನಗಳಿಗೂ ಒಂದೊಂದು ಕಾರ್ಡು ಬರೆಯಲು ಶುರು ಮಾಡಿದರು. 1930ರ ದಶಕಕ್ಕೆ ಅದು 1 ಕೋಟಿ 20 ಲಕ್ಷ ದಾಟಿತ್ತು. ದೂರದ ಊರಿನವರು ಅಂಚೆಯಲ್ಲಿ ಪ್ರಶ್ನೆ ಕಳಿಸಿದರೆ ಸಂಬಂಧಪಟ್ಟ ಕಾರ್ಡುಗಳ ನಕಲು ಮಾಡಿ ಕಳಿಸುತ್ತಿದ್ದರು. ಒಂದೊಂದು ವಿಷಯಕ್ಕೂ ಒಂದು ಅಂಕಿ; ಎರಡು ವಿಷಯಗಳ ನಡುವೆ ನಂಟಿದ್ದರೆ ಅವರು ಆ ಅಂಕಿಗಳ ನಡುವೆ ಎರಡು ಚುಕ್ಕೆ ಇಡುತ್ತಿದ್ದರು. 17 ಅಂದರೆ ನೀತಿ, 7 ಅಂದರೆ ಕಲೆ. 17:7 ಅಂದರೆ ನೀತಿಗೂ ಕಲೆಗೂ ಇರುವ ಸಂಬಂಧ. ನಮ್ಮ ದೇಶದ ಗ್ರಂಥಾಲಯ ಪಂಡಿತ ರಂಗನಾಥನ್ ಅವರು 1933ರಲ್ಲಿ ಕೊಟ್ಟ ಪುಸ್ತಕಗಳ ವರ್ಗೀಕರಣಕ್ಕೂ ಇದೇ ಎರಡು ಚುಕ್ಕೆಯ ಹೆಸರು, ಕೋಲನ್. ಲಂಡನ್ನಿನ ಅಂಗಡಿಯಲ್ಲಿ ಮೆಕ್ಯಾನೋ ಆಟದ ಸಾಮಾನು ನೋಡಿ ಅವರಿಗೆ ಹೊಳೆದಿದ್ದಂತೆ, ವಿಷಯಗಳನ್ನೂ ಹೀಗೆ ತುಂಡು ತುಂಡಾಗಿಟ್ಟು ಬೇಕಾದ ಹಾಗೆ ಜೋಡಿಸಬಹುದಲ್ಲ ಅಂತ. ಬೆಂಗಳೂರಿನಲ್ಲಿ ಅವರು 1962ರಲ್ಲಿ ಶುರು ಮಾಡಿದ ತರಬೇತಿ ಕೇಂದ್ರ ಈಗಲೂ ಇದೆ.

ಓಟ್ಲೆ 1934ರಲ್ಲೇ ಬರೆದಿದ್ದರು: ಮುಂದೆ ಮೇಜಿನ ಮೇಲೆ ಪುಸ್ತಕವೇ ಇರುವುದಿಲ್ಲ, ಒಂದು ಪರದೆ ಮತ್ತು ಫೋನ್ ಇರುತ್ತದೆ, ದೂರದ ಕಟ್ಟಡದಲ್ಲಿರುವ ಪುಟ ಕೇಳಿದಾಗ ಪರದೆ ಮೇಲೆ ಬರುತ್ತದೆ ಅಂತ. ಅದೇ ವರ್ಷ ಸರ್ಕಾರ ಅವರಿಗೆ ಕೊಟ್ಟಿದ್ದ ಜಾಗದ ಬಾಗಿಲು ಮುಚ್ಚಿಸಿತು. 1940ರಲ್ಲಿ ನಾಜಿಗಳು ಬಂದು, ತಮ್ಮ ಚಿತ್ರಪ್ರದರ್ಶನಕ್ಕೆ ಜಾಗ ಬೇಕು ಅಂತ ಎಲ್ಲವನ್ನೂ ತೆರವು ಮಾಡಿಸಿದರು. ಎಷ್ಟೋ ಹಾಳಾಯಿತು. 1944ರ ಡಿಸೆಂಬರಿನಲ್ಲಿ ಓಟ್ಲೆ ತೀರಿಕೊಂಡರು. ಬುಷ್ ಲೇಖನ ಬರಲು ಇನ್ನು ಏಳು ತಿಂಗಳಿತ್ತು.

ಆ ಭಾಗ ಓದುವಾಗ ನನಗೆ ನಮ್ಮ ಕಾರ್ಡುಗಳೇ ಕಣ್ಣ ಮುಂದೆ ಬರುತ್ತವೆ. ನಿನಗೆ ನೆನಪಿದೆಯಾ? ಬೇಸಿಗೆ ರಜೆಯಲ್ಲಿ ಬಂದಾಗ ಆ ಉದ್ದದ ಡ್ರಾಯರುಗಳನ್ನು ಎಳೆದು ರೈಲು ಅಂತ ಆಡುತ್ತಿದ್ದೆ. ಓಟ್ಲೆಯವರ ಕಾರ್ಡುಗಳ ಅಳತೆಯೇ, 3 ಇಂಚು 5 ಇಂಚು. ಕೆಳಗೆ ಒಂದು ತೂತು, ಅದರಲ್ಲಿ ತೂರಿಸಿದ ಕಡ್ಡಿ. ಒಂದು ಸಲ ಒಬ್ಬ ಹುಡುಗ ಬಂದು ಹಳ್ಳಿ ಕೆರೆಗಳ ಹೂಳು ಹಿಂದೆ ಹೇಗೆ ತೆಗೆಸುತ್ತಿದ್ದರು ಅಂತ ಕೇಳಿದ. ನೀರಾವರಿ ಕಪಾಟಿನಲ್ಲಿ ಏನೂ ಇರಲಿಲ್ಲ. ಮೂರು ದಿನ ಅದೇ ಗುಂಗಿನಲ್ಲಿದ್ದೆ. ಕೊನೆಗೆ ಶಾಸನಗಳ ಸಂಪುಟದಲ್ಲಿ ಸಿಕ್ಕಿತು. ಕೆರೆ ನೋಡಿಕೊಳ್ಳಲು ಯಾರಿಗೆ ಎಷ್ಟು ಗದ್ದೆ ಬಿಟ್ಟರು ಅನ್ನುವುದನ್ನು ಕಲ್ಲಿನಲ್ಲಿ ಕೊರೆಸಿದ್ದರು. ಅವತ್ತೇ 'ಕೆರೆ' ಅನ್ನುವ ಜಾಗದಲ್ಲಿ ಒಂದು ಕಾರ್ಡು ಬರೆದು ಸೇರಿಸಿದೆ: "ಇದನ್ನೂ ನೋಡಿ: ಶಾಸನ". ಕೆಳಗೆ ಪೆನ್ಸಿಲಿನಲ್ಲಿ ಕಾರಣ ಬರೆದೆ. ಅಂಥ ಕಾರ್ಡು ನೂರಾರು ಬರೆದಿದ್ದೆ. ಆಮೇಲೆ ಕಂಪ್ಯೂಟರ್ ಬಂತು. ಪುಸ್ತಕದ ಹೆಸರು, ಬರೆದವರ ಹೆಸರು ಎಲ್ಲಾ ಟೈಪ್ ಮಾಡಿಸಿದರು. 'ಇದನ್ನೂ ನೋಡಿ' ಹಾಕಲು ಅದರಲ್ಲಿ ಜಾಗವೇ ಇರಲಿಲ್ಲ. ನಾನೂ ಗಟ್ಟಿಯಾಗಿ ಕೇಳಲಿಲ್ಲ. ಕಾರ್ಡುಗಳೆಲ್ಲ ತೂಕದ ಲೆಕ್ಕದಲ್ಲಿ ಗುಜರಿಗೆ ಹೋದವು. ಒಂದು ಪುಸ್ತಕವೂ ಕಳೆಯಲಿಲ್ಲ. ಆದರೂ ಆವತ್ತು ಮನೆಗೆ ಬಂದು ಅತ್ತಿದ್ದೆ.

ಇನ್ನೊಬ್ಬರ ವಿಷಯ ಹೇಳಿಬಿಡುತ್ತೇನೆ. ಬುಷ್ ಲೇಖನ ಬಂದ ವರ್ಷ ಡಗ್ಲಸ್ ಎಂಗೆಲ್ಬರ್ಟ್ ಅನ್ನುವ ಹುಡುಗ ಅಮೆರಿಕದ ನೌಕಾಪಡೆಯಲ್ಲಿ ರೇಡಾರ್ ಕೆಲಸಕ್ಕೆ ಫಿಲಿಪೈನ್ಸಿಗೆ ಹೋಗಿದ್ದ. ಇನ್ನೂ 20 ವಯಸ್ಸು, ನಿನಗಿಂತ ಚಿಕ್ಕವನು. ಲೇಟೆ ದ್ವೀಪದಲ್ಲಿ ಕಂಬಗಳ ಮೇಲೆ ಕಟ್ಟಿದ ಬಿದಿರಿನ ಗುಡಿಸಲಿನಲ್ಲಿ ರೆಡ್‌ಕ್ರಾಸ್‌ನವರ ಲೈಬ್ರರಿ ಇತ್ತು. ಅಲ್ಲಿ ಕೂತು ಆ ಲೇಖನದ ವಿಷಯ ಓದಿದ. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅವರೇ ಮೌಸ್ ಹಿಡಿದು, ಪರದೆ ಮೇಲಿನ ಒಂದು ಮಾತಿನಿಂದ ಇನ್ನೊಂದಕ್ಕೆ ಹಾರಿ ತೋರಿಸಿದರು. ಆ ದೊಡ್ಡ ಸಭೆಗೆ ತೋರಿಸಿದ್ದರಲ್ಲಿ ಒಂದು ಏನು ಗೊತ್ತಾ? ಮನೆಗೆ ತರಬೇಕಾದ ಸಾಮಾನಿನ ಪಟ್ಟಿ! ಬಾಳೆಹಣ್ಣು ಅದು ಇದು ಅಂತ ಬರೆದು, ಒಂದು ಜಾತಿಯ ಸಾಮಾನನ್ನೆಲ್ಲ ಒಂದು ಕಡೆ ಸೇರಿಸಿ ತೋರಿಸಿದರು. ನನಗೆ ಅದು ಬಹಳ ಇಷ್ಟ. ಮೊದಲು ಪಟ್ಟಿ, ಆಮೇಲೆ ಅದನ್ನು ಕೈಯಾರೆ ಜೋಡಿಸುವುದು.

ಈಗ ಲಿಂಕುಗಳಿಗೇನೂ ಬರ ಇಲ್ಲ, ಅಲ್ವಾ? ಆದರೆ ಅವು ಬರೆದವರು ಹಾಕಿದ್ದು. ಓದುವವಳು ತನ್ನ ಜಾಡನ್ನು ಇಟ್ಟುಕೊಳ್ಳಲಿ ಅನ್ನುವ ಬುಷ್ ಆಸೆ ಅರ್ಧಕ್ಕೇ ನಿಂತಿತು ಅಂತ ನನಗೆ ಅನಿಸುತ್ತದೆ. ಎಐ ಹತ್ತಿರ ಸಾರಾಂಶ ಕೇಳುತ್ತೀಯ ಅಂದೆಯಲ್ಲ, ಕೇಳು, ತಪ್ಪಿಲ್ಲ. ಆದರೆ ಈ ಲೇಖನ ಓದುವಾಗ ಆ ಲೇಖನ ಯಾಕೆ ನೆನಪಾಯಿತು ಅನ್ನುವುದನ್ನು ನೀನೇ ಬರಿ.

ಹಾಗಾಗಿ ಒಂದು ತಿಂಗಳು ಹೊಸದೇನನ್ನೂ ಸೇವ್ ಮಾಡಬೇಡ. ದಿನಕ್ಕೆ ಎರಡೇ ಎರಡು ಲೇಖನ ತೆಗಿ. ಒಂದನ್ನು ಇನ್ನೊಂದಕ್ಕೆ ಕಟ್ಟು. ನಡುವೆ ಒಂದು ಸಾಲು, ನಿನ್ನದೇ ಮಾತಿನಲ್ಲಿ, ಕನ್ನಡದಲ್ಲಾದರೂ ಸರಿ. "ಇವರು ಅಳೆದ ಬಾವಿ ಬೇಸಿಗೆಯದ್ದು, ಅವರದ್ದು ಮಳೆಗಾಲದ್ದು, ಅದಕ್ಕೇ ಲೆಕ್ಕ ಕೂಡುತ್ತಿಲ್ಲ" ಅಂತ ಬರೆದರೂ ಸಾಕು. ಕಟ್ಟಲು ಆಗದೇ ಇದ್ದರೆ ಎರಡನ್ನೂ ಹಾಗೇ ಬಿಟ್ಟು ಮರುದಿನ ಬೇರೆ ತೆಗಿ. ಸುಮ್ನೆ ಎಳೆದು ತಂದು ಗಂಟು ಹಾಕಬೇಡ, ಅಂಥವು ನಿಲ್ಲುವುದಿಲ್ಲ. ನಿಮ್ಮ ಗೈಡ್ ಅವಸರ ಮಾಡಿದರೆ, ಅಧ್ಯಾಯದ ಬದಲು ಈ ಸಾಲುಗಳನ್ನೇ ತೋರಿಸು.

ಗುಜರಿಗೆ ಹಾಕಿದ ದಿನ ಒಂದು ಕಾರ್ಡನ್ನು ಎತ್ತಿಟ್ಟುಕೊಂಡಿದ್ದೆ, ಕೆರೆಯದ್ದು. ಲಕೋಟೆಯಲ್ಲಿ ಇಟ್ಟಿದ್ದೇನೆ. ಪೆನ್ಸಿಲ್ ಅಳಿಸಿದ ಹಾಗಿದೆ, ಬೆಳಕಿಗೆ ಹಿಡಿದರೆ ಓದಬಹುದು. ನಿನ್ನ ಅಂತರ್ಜಲಕ್ಕೆ ಅದು ಎಲ್ಲಾದರೂ ಹೊಂದುತ್ತದಾ ನೋಡು. ಹೊಂದಿದರೆ ಹಿಂದುಗಡೆ ಒಂದು ಸಾಲು ಬರೆದು ದಸರಾಕ್ಕೆ ಬರುವಾಗ ತಾ, ಇಬ್ಬರೂ ಕೂತು ಓದೋಣ.

ಇತಿ,
ನಿನ್ನ ದೊಡ್ಡಮ್ಮ